ಸ್ಲೋ ಕುಕ್ಕರ್‌ನಲ್ಲಿ ಆಪಲ್ ಸಾಸ್ ಮಾಡುವುದು ಹೇಗೆ: ನೀರಿನ ಅಳತೆಯಿಂದ ಫ್ರೀಜರ್‌ವರೆಗೆ

ಆಗಸ್ಟ್ ಬಂದು ಮಾರ್ಕೆಟ್‌ನಲ್ಲಿ ಶಿಮ್ಲಾ ಆಪಲ್ ಕಾಣಿಸಿಕೊಳ್ಳುತ್ತಿದ್ದಂತೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಸ್ಲೋ ಕುಕ್ಕರ್‌ನಲ್ಲಿ ಆಪಲ್ ಸಾಸ್ ಮಾಡಿದೆ, ನೀರು ನೀರಾಯ್ತು, ಈಗ ಏನು ಮಾಡ್ಲಿ? ಕೆಲವರಿಗೆ ಅಂಚು ಸೀದಿರುತ್ತದೆ. ಇನ್ನು ಕೆಲವರಿಗೆ ಆರು ಗಂಟೆ ಕಳೆದರೂ ಹೋಳು ಗಟ್ಟಿಯಾಗೇ ಉಳಿದಿರುತ್ತದೆ.

ಕೇಳುವವರಲ್ಲಿ ಹಾಸನ, ಚಿಕ್ಕಮಗಳೂರು, ಸಕಲೇಶಪುರ, ಮೂಡಿಗೆರೆ ಕಡೆಯವರೇ ಜಾಸ್ತಿ. ಅದಕ್ಕೆ ಕಾರಣವೂ ಇದೆ. ನಮ್ಮ ಕಡೆ ಆಪಲ್ ಅಗ್ಗವಾಗುವುದೂ ಮಳೆ ಹಿಡಿಯುವುದೂ ಒಂದೇ ಹೊತ್ತಿಗೆ, ಮಳೆ ಹಿಡಿದರೆ ಕರೆಂಟ್ ಹೋಗುತ್ತದೆ, ಇದ್ದಾಗಲೂ ವೋಲ್ಟೇಜ್ ಸರಿಯಾಗಿ ಇರುವುದಿಲ್ಲ, ಹೊರದೇಶದ ರೆಸಿಪಿಗಳಲ್ಲಿ ಈ ಯಾವುದರ ಲೆಕ್ಕವೂ ಇರುವುದಿಲ್ಲ. ಅದಕ್ಕೇ ನಮ್ಮ ಅಡುಗೆಮನೆಗೆ ಹೊಂದುವ ಹಾಗೆ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸಾಸ್ ಕೆಡುವುದು ಬಹುಮಟ್ಟಿಗೆ ನೀರಿನಿಂದ. ಆಪಲ್‌ನಲ್ಲಿ ನೂರಕ್ಕೆ ಸುಮಾರು 85 ಭಾಗ ನೀರೇ ಇದೆ. ಗ್ಯಾಸ್ ಮೇಲೆ ತೆರೆದ ಪಾತ್ರೆಯಲ್ಲಿ ಬೇಯಿಸಿದರೆ ಅದರಲ್ಲಿ ಒಂದಷ್ಟು ಆವಿಯಾಗಿ ಹೋಗುತ್ತದೆ. ಸ್ಲೋ ಕುಕ್ಕರ್‌ನಲ್ಲಿ ಹಾಗಲ್ಲ. ಎದ್ದ ಆವಿ ಗಾಜಿನ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಪಾತ್ರೆಗೇ ಇಳಿಯುತ್ತದೆ. ಗ್ಯಾಸ್ ಮೇಲೆ ಮಾಡುವಾಗಿನ ಅಳತೆಯಲ್ಲೇ ಇಲ್ಲೂ ನೀರು ಹಾಕಿದರೆ ಸಿಗುವುದು ಗಂಜಿ, ಸಾಸ್ ಅಲ್ಲ.

ಇದೇನು ಅಂತ ಗೊತ್ತಿಲ್ಲದವರಿಗೆ: ಆಪಲ್ ಸಾಸ್ ಅಂದರೆ ಟೊಮೆಟೊ ಸಾಸ್ ಥರ ಖಾರ, ಹುಳಿ ಇರುವಂಥದ್ದಲ್ಲ. ಆಪಲ್ ಹೋಳುಗಳನ್ನು ಮೆತ್ತಗೆ ಬೇಯಿಸಿ ಮಸೆದದ್ದು, ಅಷ್ಟೇ. ಜಾಮ್‌ನಷ್ಟು ಸಕ್ಕರೆ ಇರುವುದಿಲ್ಲ, ಹಾಗಾಗಿ ಜಾಮ್‌ನಷ್ಟು ದಿನ ಹೊರಗೆ ಇಡಲೂ ಆಗುವುದಿಲ್ಲ. ದೋಸೆ, ಚಪಾತಿ ಜೊತೆ ತಿನ್ನಬಹುದು, ಮೊಸರಿಗೆ ಕಲಸಿಕೊಳ್ಳಬಹುದು, ಮೊಟ್ಟೆ ಹಾಕದ ಕೇಕ್‌ಗೆ ಬಳಸಬಹುದು.

ಏನೇನು ಬೇಕು

ಮೂರು, ಮೂರೂವರೆ ಲೀಟರ್‌ನ ಸ್ಲೋ ಕುಕ್ಕರ್‌ಗೆ ಸರಿಹೋಗುವ ಅಳತೆ ಇದು. ದೊಡ್ಡ ಕುಕ್ಕರ್ ಇದ್ದರೆ ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಜಾಸ್ತಿ ಮಾಡಿಕೊಳ್ಳಿ, ನೀರೊಂದನ್ನು ಬಿಟ್ಟು.

ಆಪಲ್ ಒಂದೂವರೆ ಕೆಜಿ, ಅಂದರೆ ಮಧ್ಯಮ ಗಾತ್ರದ್ದು ಒಂಬತ್ತು ಹತ್ತು ಬರುತ್ತದೆ. ನೀರು ಅರ್ಧ ಕಪ್, ಅದಕ್ಕಿಂತ ಜಾಸ್ತಿ ಬೇಡ. ನಿಂಬೆರಸ ಒಂದು ದೊಡ್ಡ ಚಮಚ. ಎರಡು ಇಂಚು ಉದ್ದದ ಒಂದು ಚಕ್ಕೆ, ಅಥವಾ ಮೂರು ನಾಲ್ಕು ಏಲಕ್ಕಿ. ಚಿಟಿಕೆ ಉಪ್ಪು. ಸಕ್ಕರೆಯನ್ನೋ ಬೆಲ್ಲವನ್ನೋ ಕೊನೆಗೆ ರುಚಿ ನೋಡಿ ಹಾಕುವುದು, ಎಷ್ಟೋ ಸಲ ಬೇಕಾಗುವುದೇ ಇಲ್ಲ.

ಸಿಪ್ಪೆ, ಬೀಜ ಎಲ್ಲ ಹೋಗಿ ಒಂದೂವರೆ ಕೆಜಿಯಲ್ಲಿ ಸುಮಾರು 1.2 ಕೆಜಿ ಹೋಳು ಉಳಿಯುತ್ತದೆ. ಅದರಿಂದ ನಾಲ್ಕೂವರೆ, ಐದು ಕಪ್ ಸಾಸ್ ಸಿಗುತ್ತದೆ.

ಕುಕ್ಕರ್ ಬಗ್ಗೆ ಎರಡು ಮಾತು

ಸ್ಲೋ ಕುಕ್ಕರ್ ಅಂದರೆ ಕರೆಂಟ್‌ನಲ್ಲಿ ನಿಧಾನವಾಗಿ ಬೇಯಿಸುವ ಪಾತ್ರೆ. ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಹೊರಗೆ ಅದನ್ನು ಬಿಸಿ ಮಾಡುವ ಕವಚ, ಮೇಲೆ ಗಾಜಿನ ಮುಚ್ಚಳ. ಅದರಲ್ಲಿ ಲೋ, ಹೈ ಅಂತ ಎರಡು ಇರುತ್ತವೆ. ಹೈನಲ್ಲಿ ಬಿಸಿ ಜಾಸ್ತಿ ಏರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹೆಚ್ಚಿನ ಕುಕ್ಕರ್‌ಗಳಲ್ಲಿ ಎರಡೂ ಕೊನೆಗೆ ಮುಟ್ಟುವುದು ಹೆಚ್ಚುಕಡಿಮೆ ಒಂದೇ ಬಿಸಿಯನ್ನು. ಹೈ ಬೇಗ ಮುಟ್ಟುತ್ತದೆ, ಲೋ ನಿಧಾನ. ವ್ಯತ್ಯಾಸ ಅಷ್ಟೇ.

ಈ ಗಾತ್ರದ ಕುಕ್ಕರ್ ಸಾಮಾನ್ಯವಾಗಿ 200 ವ್ಯಾಟ್ ಆಸುಪಾಸಿನಲ್ಲಿರುತ್ತದೆ. ಐದು ಗಂಟೆ ಓಡಿದರೆ ಒಂದು ಯೂನಿಟ್ ಕರೆಂಟ್. ಬಿಲ್ ಬಗ್ಗೆ ಹೆದರಬೇಕಾಗಿಲ್ಲ.

ಅಮೆರಿಕದಲ್ಲಿರುವ ಮಕ್ಕಳೋ ನೆಂಟರೋ ತಂದುಕೊಟ್ಟ ಕುಕ್ಕರ್ ಆದರೆ ಮಾತ್ರ ಪ್ಲಗ್ ಹಾಕುವ ಮುಂಚೆ ತಿರುಗಿಸಿ ತಳದ ಚೀಟಿ ಓದಿ. ಅಲ್ಲಿಯದು 120 ವೋಲ್ಟ್, ನಮ್ಮದು 230. ಪಿನ್ ಬದಲಿಸುವ ಸಣ್ಣ ಅಡಾಪ್ಟರ್ ವೋಲ್ಟೇಜ್ ಇಳಿಸುವುದಿಲ್ಲ, ಪ್ಲಗ್ಗನ್ನು ನಮ್ಮ ಸಾಕೆಟ್‌ಗೆ ಹೊಂದಿಸುತ್ತದೆ ಅಷ್ಟೇ. ನೇರವಾಗಿ ಹಾಕಿದರೆ ಕುಕ್ಕರ್ ಸುಟ್ಟುಹೋಗುತ್ತದೆ, ಬೆಂಕಿಯ ಅಪಾಯವೂ ಇದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು, ಅದೂ ಕುಕ್ಕರ್‌ನ ವ್ಯಾಟ್‌ಗಿಂತ ದೊಡ್ಡದು.

ಸ್ಲೋ ಕುಕ್ ಬಟನ್ ಇರುವ ಎಲೆಕ್ಟ್ರಿಕ್ ಪ್ರೆಷರ್ ಕುಕ್ಕರ್ ಇದ್ದರೆ ಅದರಲ್ಲೂ ಮಾಡಬಹುದು. ಅದರಲ್ಲಿ ಕಾವು ಬರುವುದು ತಳದಿಂದ ಮಾತ್ರ, ಹಾಗಾಗಿ ಎರಡು ಸಲ ಜಾಸ್ತಿ ತಿರುವಬೇಕು. ಆದರೆ ಪ್ರೆಷರ್ ಹಾಕಿ ಸೀಟಿ ಹೊಡೆಸುವ ವಿಧಾನವನ್ನು ನಾನು ಹೇಳುವುದಿಲ್ಲ. ಆಪಲ್ ಬೇಯುವಾಗ ನೊರೆ ಬರುತ್ತದೆ, ನೊರೆಯ ಜೊತೆ ತಿರುಳು ಮೇಲೆದ್ದು ವೆಯ್ಟ್ ಕೂರುವ ತೂತಿಗೆ ಕಟ್ಟಿಕೊಳ್ಳಬಹುದು. ಆಪಲ್ ಸಾಸ್ ಇದರಲ್ಲಿ ಮಾಡಬೇಡಿ ಅಂತ ಎಷ್ಟೋ ಪ್ರೆಷರ್ ಕುಕ್ಕರ್‌ಗಳ ಕೈಪಿಡಿಯಲ್ಲೇ ಬರೆದಿರುತ್ತದೆ.

1. ಆಪಲ್ ಆರಿಸಿ

ಸಾಸ್‌ನ ರುಚಿ ಮುಕ್ಕಾಲು ಪಾಲು ಇಲ್ಲೇ ತೀರ್ಮಾನವಾಗುತ್ತದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ನಮ್ಮ ಮಾರ್ಕೆಟ್‌ನಲ್ಲಿ ಕೆಂಪಗೆ, ತಳದಲ್ಲಿ ಐದು ಗುಬುಟು ಇರುವ ಆಪಲ್ ಸಿಗುತ್ತದಲ್ವಾ, ಅದು ಡೆಲಿಷಿಯಸ್ ಜಾತಿ. ಶಿಮ್ಲಾ ಅಂತ ಮಾರುವ ರಾಯಲ್ ಡೆಲಿಷಿಯಸ್ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಜೋರಾಗಿ ಬರುತ್ತದೆ, ಅದರ ಹಿಂದೆ ಕಾಶ್ಮೀರದ್ದು. ಇವು ಸಿಹಿ ಜಾಸ್ತಿ, ಹುಳಿ ಕಡಿಮೆ. ಬೇಗ ಮೆತ್ತಗಾಗುತ್ತವೆ, ಸಾಸ್‌ಗೆ ಅನುಕೂಲ. ಆದರೆ ಬರೀ ಇವನ್ನೇ ಹಾಕಿದರೆ ರುಚಿ ಸಪ್ಪೆ. ಸಿಹಿ ಇರುತ್ತದೆ, ಬಾಯಲ್ಲಿ ನಿಲ್ಲುವುದಿಲ್ಲ.

ಅದಕ್ಕೆ ಹುಳಿ ಆಪಲ್ ಬೆರೆಸಬೇಕು. ಕಾಶ್ಮೀರದ ಮಹಾರಾಜಿ ಸಿಕ್ಕರೆ ಬಿಡಬೇಡಿ, ಅದರ ಹುಳಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಹಸಿರು ಬಣ್ಣದ ಗ್ರ್ಯಾನಿ ಸ್ಮಿತ್ ಹೊರದೇಶದಿಂದ ಬರುವುದರಿಂದ ಬೆಲೆ ಜಾಸ್ತಿ, ಆದರೆ ಒಂದೂವರೆ ಕೆಜಿಗೆ ಎರಡು ಹಣ್ಣು ಹಾಕಿದರೂ ರುಚಿ ಬದಲಾಗುತ್ತದೆ. ಹಳದಿ ಗೋಲ್ಡನ್ ಡೆಲಿಷಿಯಸ್ ಸಾಸನ್ನು ನುಣ್ಣಗೆ ಮಾಡುತ್ತದೆ, ಬಣ್ಣವೂ ಚೆಂದ. ಫ್ಯೂಜಿ ಬೇಯುವುದು ನಿಧಾನ. ಅದನ್ನು ಮಿಕ್ಕವುಗಳ ಜೊತೆ ಹಾಕುವುದಾದರೆ ಹೋಳು ಸ್ವಲ್ಪ ಚಿಕ್ಕದಿರಲಿ. ಚಳಿ ಕಡಿಮೆ ಇದ್ದರೂ ಬೆಳೆಯುವ ಅನ್ನಾ, ಹೆಚ್‌ಆರ್‌ಎಂಎನ್-99 ತಳಿಗಳನ್ನು ಈಗ ನಮ್ಮ ರಾಜ್ಯದಲ್ಲೂ ಕೆಲವರು ಹಾಕಿದ್ದಾರೆ. ಎರಡನೆಯದು ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಬೆಳೆಸಿದ ತಳಿ, ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ನಿಮ್ಮ ತೋಟದಲ್ಲೋ ಪಕ್ಕದವರ ತೋಟದಲ್ಲೋ ಗಿಡ ಇದ್ದರೆ ಆ ಹಣ್ಣನ್ನೂ ಧಾರಾಳವಾಗಿ ಬಳಸಿ.

ನನ್ನ ಲೆಕ್ಕ ಇಷ್ಟು: ಮೂರು ಪಾಲು ಸಿಹಿ ಹಣ್ಣು, ಒಂದು ಪಾಲು ಹುಳಿ ಹಣ್ಣು. ಹುಳಿ ಹಣ್ಣು ಸಿಗದೇ ಹೋದರೆ ನಿಂಬೆರಸ ಇನ್ನೊಂದು ಚಮಚ.

ಪೆಟ್ಟು ಬಿದ್ದ ಹಣ್ಣು ಆಗುತ್ತದೆಯೇ? ಆಗುತ್ತದೆ. ಹಾಸನದ ಕಟ್ಟಿನಕೆರೆ ಮಾರ್ಕೆಟ್ ಕಡೆಯೋ ಸಂತೆಯಲ್ಲೋ ಸಂಜೆ ಹೊತ್ತು ಕಡಿಮೆ ಬೆಲೆಗೆ ಕೊಡುವ ತಗ್ಗು ಬಿದ್ದ, ಸುಕ್ಕಾದ ಹಣ್ಣನ್ನು ಧೈರ್ಯವಾಗಿ ತನ್ನಿ, ಕಂದು ಭಾಗ ಕತ್ತರಿಸಿ ಹಾಕಿ. ಕೊಳೆತದ್ದು, ಬೂಷ್ಟು ಹಿಡಿದದ್ದು ಮಾತ್ರ ಬೇಡ. ಬೂಷ್ಟಿನ ವಿಷ ಕಣ್ಣಿಗೆ ಕಾಣುವ ಜಾಗ ದಾಟಿ ಒಳಗೂ ಇಳಿದಿರಬಹುದು, ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಅಂಥ ಹಣ್ಣನ್ನು ಇಡಿಯಾಗಿ ಗೊಬ್ಬರದ ಗುಂಡಿಗೆ ಹಾಕಿ.

2. ತೊಳೆದು, ಸಿಪ್ಪೆ ತೆಗೆದು, ಹೆಚ್ಚಿ

ಹೊಳೆಯುವ ಹಣ್ಣಿಗೆ ಮೇಣ ಹಚ್ಚಿರುತ್ತಾರೆ. ಬೆಚ್ಚಗಿನ ನೀರಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ಸೋಪು ಬೇಡ.

ಸಿಪ್ಪೆ ತೆಗೆಯುವುದೋ ಬಿಡುವುದೋ ಅಂತ ಬಹಳ ಜನ ಕೇಳುತ್ತಾರೆ. ಮೊದಲ ಸಲ ಮಾಡುವವರು ತೆಗೆದುಬಿಡಿ. ಸಿಪ್ಪೆ ಬೇಯುವುದಿಲ್ಲ, ಸುರುಳಿಯಾಗಿ ಸಾಸ್‌ನಲ್ಲಿ ಉಳಿದು ನಾಲಿಗೆಗೆ ಅಡ್ಡ ಬರುತ್ತದೆ. ಸಿಪ್ಪೆ ಇದ್ದರೆ ಬಣ್ಣ ತಿಳಿ ಗುಲಾಬಿ ಬರುತ್ತದೆ, ಗಟ್ಟಿತನವೂ ಚೆನ್ನಾಗಿರುತ್ತದೆ ಅನ್ನುವುದು ನಿಜ, ಯಾಕೆಂದರೆ ಪೆಕ್ಟಿನ್ ಸಿಪ್ಪೆಯ ಹತ್ತಿರ ಜಾಸ್ತಿ. ಪೆಕ್ಟಿನ್ ಅಂದರೆ ಹಣ್ಣಿನಲ್ಲೇ ಇರುವ ಅಂಟು, ಜಾಮ್ ಗಟ್ಟಿಯಾಗುವುದು ಅದರಿಂದಲೇ. ಹಾಗೆ ಬೇಕೆಂದರೆ ಎರಡು ಮೂರು ಹಣ್ಣಿನ ಸಿಪ್ಪೆಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಹೋಳುಗಳ ನಡುವೆ ಇಡಿ, ಬೆಂದ ಮೇಲೆ ಗಂಟು ಹಿಂಡಿ ತೆಗೆಯಿರಿ.

ಪ್ರತಿ ಹಣ್ಣನ್ನೂ ನಾಲ್ಕು ಭಾಗ ಮಾಡಿ, ನಡುವಿನ ಬೀಜದ ಗೂಡನ್ನು ಓರೆಯಾಗಿ ಕೊಯ್ದು ತೆಗೆಯಿರಿ. ಆ ಗೂಡಿನ ಗೋಡೆ ಉಗುರಿನಷ್ಟು ಗಟ್ಟಿ, ಎಷ್ಟು ಬೆಂದರೂ ಕರಗುವುದಿಲ್ಲ. ಬೀಜ ಒಂದೂ ಉಳಿಯಬಾರದು. ಇಡೀ ಬೀಜ ನುಂಗಿದರೆ ಏನೂ ಆಗುವುದಿಲ್ಲ, ಆದರೆ ಬ್ಲೆಂಡರ್‌ಗೆ ಸಿಕ್ಕಿ ಪುಡಿಯಾದರೆ ಕಹಿ ಬರುತ್ತದೆ, ಪುಡಿಯಾದ ಬೀಜದಿಂದ ಅಲ್ಪ ಪ್ರಮಾಣದಲ್ಲಿ ಸಯನೈಡ್ ಕೂಡ ಬಿಡುಗಡೆಯಾಗುತ್ತದೆ.

ಹೋಳು ಒಂದು ಇಂಚಿನಷ್ಟಿರಲಿ. ಎಲ್ಲಕ್ಕಿಂತ ಮುಖ್ಯ, ಒಂದೇ ಅಳತೆ ಇರಲಿ. ತೆಳ್ಳಗೆ ಬಿಲ್ಲೆ ಮಾಡಿದರೆ ಪಾತ್ರೆಯ ಅಂಚಿಗೆ ಅಂಟಿ ಸೀಯುತ್ತವೆ, ದೊಡ್ಡ ಹೋಳು ನಡುವೆ ಗಟ್ಟಿ ಉಳಿಯುತ್ತವೆ. ಆರು ಗಂಟೆಯಾದರೂ ಬೇಯಲಿಲ್ಲ ಅನ್ನುವವರಲ್ಲಿ ಅರ್ಧ ಜನರ ತೊಂದರೆ ಇದೇ. ಇನ್ನರ್ಧ ಜನರದ್ದು ವೋಲ್ಟೇಜ್, ಅದಕ್ಕೆ ಮುಂದೆ ಬರುತ್ತೇನೆ.

ಹೆಚ್ಚಿದ ಹೋಳು ಕಂದಾಗುವುದು ಗಾಳಿ ತಾಗಿ. ನಿಂಬೆರಸವನ್ನು ಪಾತ್ರೆಗೆ ಮೊದಲೇ ಹಾಕಿಟ್ಟು, ಹೆಚ್ಚಿದ ಹಾಗೆಲ್ಲ ಹೋಳನ್ನು ಅದರಲ್ಲಿ ಹೊರಳಿಸುತ್ತಾ ಹೋಗಿ. ನೀರಲ್ಲಿ ನೆನೆಹಾಕಿ ಇಡಬೇಡಿ. ಕಂದಾಗುವುದು ತಪ್ಪುತ್ತದೆ ನಿಜ, ಆದರೆ ಬೇಡವಾದ ನೀರು ಅಲ್ಲೇ ಸೇರಿಕೊಳ್ಳುತ್ತದೆ.

3. ಕುಕ್ಕರ್‌ಗೆ ತುಂಬಿ

ಪಾತ್ರೆ ಅರ್ಧದಿಂದ ಮುಕ್ಕಾಲು ತುಂಬಬೇಕು. ಕಾವು ಸುತ್ತಲಿನ ಗೋಡೆಯಿಂದ ಬರುವುದರಿಂದ ತೀರಾ ಕಡಿಮೆ ಇದ್ದರೆ ಅಂಚು ಸೀಯುತ್ತದೆ, ಕಂಠದವರೆಗೆ ತುಂಬಿದರೆ ಮೇಲಿನದು ಬೇಯುವುದಿಲ್ಲ.

ಹೋಳು, ಅರ್ಧ ಕಪ್ ನೀರು, ಉಪ್ಪು, ಚಕ್ಕೆ. ಒಮ್ಮೆ ತಿರುವಿ ಮುಚ್ಚಿ. ನೋಡುವಾಗ ನೀರು ಏನೇನೂ ಸಾಲದು ಅನ್ನಿಸುತ್ತದೆ, ತಳದಲ್ಲಿ ಒಂದು ಪದರ ಮಾತ್ರ ಇರುತ್ತದೆ. ಅಷ್ಟೇ ಸಾಕು. ಅದು ಬೇಯಿಸುವುದಕ್ಕಲ್ಲ, ಹಣ್ಣು ತನ್ನ ನೀರು ಬಿಡುವವರೆಗೆ ತಳ ಹಿಡಿಯದಿರಲಿ ಅಂತ. ಎರಡು ಗಂಟೆ ಬಿಟ್ಟು ನೋಡಿದರೆ ಹೋಳುಗಳು ತಮ್ಮ ರಸದಲ್ಲೇ ಅರ್ಧ ಮುಳುಗಿರುತ್ತವೆ. ದೊಡ್ಡ ಕುಕ್ಕರ್‌ಗೆ ಎರಡರಷ್ಟು ಹಣ್ಣು ಹಾಕಿದರೂ ನೀರು ಮುಕ್ಕಾಲು ಕಪ್ ದಾಟುವುದು ಬೇಡ.

ಮಸಾಲೆಯಲ್ಲಿ ನನ್ನ ಮತ ಏಲಕ್ಕಿಗೆ. ಹೊರದೇಶದವರು ಚಕ್ಕೆ ಹಾಕುತ್ತಾರೆ, ಚೆನ್ನಾಗೇ ಇರುತ್ತದೆ. ಆದರೆ ನಮ್ಮ ಸಕಲೇಶಪುರ, ಮೂಡಿಗೆರೆ ಕಡೆ ತೋಟದ ಏಲಕ್ಕಿ ಮನೆಯಲ್ಲೇ ಇರುವಾಗ, ಹುಳಿ ಆಪಲ್ ಜೊತೆ ಅದರ ಘಮ ಇಷ್ಟು ಚೆನ್ನಾಗಿ ಕೂಡುವಾಗ, ಯಾಕೆ ಬಿಡಬೇಕು? ಚಕ್ಕೆಯಾದರೆ ಮೊದಲೇ ಹಾಕಿ, ಕೊನೆಗೆ ತೆಗೆದುಬಿಡಿ. ಏಲಕ್ಕಿಯನ್ನು ಮಾತ್ರ ಪುಡಿ ಮಾಡಿ ಕೊನೆಯ ಹತ್ತು ನಿಮಿಷದಲ್ಲಿ ಹಾಕಿ. ಐದು ಗಂಟೆ ಬೆಂದರೆ ಘಮವೆಲ್ಲ ಹೋಗಿ ಬರೀ ಒಗರು ಉಳಿಯುತ್ತದೆ. ಲವಂಗ ಹಾಕುವುದಾದರೆ ಒಂದೇ ಒಂದು.

4. ಬೇಯಿಸಿ, ಮುಚ್ಚಳ ತೆಗೆಯಬೇಡಿ

ಹೈನಲ್ಲಿ ಎರಡೂವರೆಯಿಂದ ಮೂರೂವರೆ ಗಂಟೆ. ಲೋನಲ್ಲಿ ಐದರಿಂದ ಆರು ಗಂಟೆ. ನಾನು ಲೋ ಆರಿಸುತ್ತೇನೆ, ಅಂಚು ಸೀಯುವ ಭಯ ಇರುವುದಿಲ್ಲ. ಬೆಳಗ್ಗೆ ತಿಂಡಿ ಮುಗಿಸಿ ಹಾಕಿದರೆ ಮೂರು ಗಂಟೆ ಹೊತ್ತಿಗೆ ಆಗುತ್ತದೆ. ರಾತ್ರಿ ಹಾಕಿ ಮಲಗಬಹುದಾ ಅಂತ ಕೇಳುತ್ತಾರೆ. ಮೊದಲ ಸಲ ಬೇಡ. ಒಂದೊಂದು ಕುಕ್ಕರ್‌ನ ಕಾವು ಒಂದೊಂದು ಥರ, ನಿಮ್ಮದು ಹೇಗೆ ಅಂತ ಹಗಲಲ್ಲಿ ಒಮ್ಮೆ ನೋಡಿಕೊಳ್ಳಿ.

ಮುಚ್ಚಳ ತೆಗೆದಾಗಲೆಲ್ಲ ಒಳಗಿನ ಬಿಸಿ ಹೊರಟುಹೋಗುತ್ತದೆ, ಅದು ಮತ್ತೆ ಏರಲು ಇಪ್ಪತ್ತು ನಿಮಿಷವಾದರೂ ಬೇಕು. ಗಂಟೆಗೊಮ್ಮೆ ತೆಗೆದು ನೋಡಿದರೆ ಅಡುಗೆ ಮುಗಿಯುವುದೇ ಇಲ್ಲ. ಅರ್ಧ ಹೊತ್ತಿಗೆ ಒಂದು ಸಲ ತಳದಿಂದ ಎತ್ತಿ ತಿರುವಿ, ಸಾಕು. ಗಾಜಿನ ಮೇಲೆ ಹನಿ ಕಟ್ಟಿ ಒಳಗೇನೂ ಕಾಣುವುದಿಲ್ಲ ಅಂತಾದರೆ ಮುಚ್ಚಳವನ್ನು ಸುಮ್ನೆ ಒಮ್ಮೆ ಅಲ್ಲಾಡಿಸಿ, ಹನಿ ಜಾರಿ ಕಾಣುತ್ತದೆ.

ಈಗ ವೋಲ್ಟೇಜ್ ವಿಷಯ. ತೋಟದ ಮನೆಗಳವರು ಇದನ್ನು ಗಮನವಿಟ್ಟು ಓದಿ. 230 ಇರಬೇಕಾದ ವೋಲ್ಟೇಜ್ 180ಕ್ಕೆ ಇಳಿದರೆ ಕಾವು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಇನ್ನೂ ಜಾಸ್ತಿ ಇಳಿಯುತ್ತದೆ. ಲೆಕ್ಕ ಹಾಕಿದರೆ ಕುಕ್ಕರ್‌ಗೆ ಸಿಗುವುದು ಶೇ 60ರಷ್ಟು ಶಕ್ತಿ ಮಾತ್ರ. ಹಾಗಾದಾಗ ಹೋಳು ಬೇಯದಿದ್ದರೆ ಅದು ನಿಮ್ಮ ತಪ್ಪಲ್ಲ. ಬಲ್ಬು ಮಂಕಾಗಿ ಉರಿಯುತ್ತಿದ್ದರೆ, ಫ್ಯಾನ್ ನಿಧಾನವಾಗಿದ್ದರೆ, ಲೋ ಬದಲು ಹೈನಲ್ಲಿ ಇಟ್ಟು ಸಮಯವನ್ನೂ ಒಂದೆರಡು ಗಂಟೆ ಜಾಸ್ತಿ ಕೊಡಿ.

ಕರೆಂಟೇ ಹೋದರೆ ಮುಚ್ಚಳ ಮುಟ್ಟಬೇಡಿ. ಪಿಂಗಾಣಿ ದಪ್ಪ ಇರುವುದರಿಂದ ಬಿಸಿ ಒಂದಷ್ಟು ಹೊತ್ತು ನಿಲ್ಲುತ್ತದೆ. ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಬಂದರೆ ಅಷ್ಟು ಸಮಯ ಕೂಡಿಸಿ ಮುಂದುವರಿಸಿ. ಎರಡು ಗಂಟೆ ಹತ್ತಿರ ಬಂದರೂ ಬರಲಿಲ್ಲ ಅಂದರೆ ಹೋಳುಗಳನ್ನು ದಪ್ಪ ತಳದ ಪಾತ್ರೆಗೆ ಸುರಿದು ಗ್ಯಾಸ್ ಮೇಲೆ ಸಣ್ಣ ಉರಿಯಲ್ಲಿ ಮುಗಿಸಿಬಿಡಿ, ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತ ಅಡುಗೆ ಒಳ್ಳೆಯದಲ್ಲ. ಪಿಂಗಾಣಿ ಪಾತ್ರೆಯನ್ನೇ ಎತ್ತಿ ಒಲೆಯ ಮೇಲೆ ಇಡಬೇಡಿ, ಸೀಳುತ್ತದೆ. ಬಿಸಿ ಪಾತ್ರೆಗೆ ತಣ್ಣೀರು ಸುರಿದರೂ, ಫ್ರಿಜ್‌ನಿಂದ ತೆಗೆದ ಪಾತ್ರೆಯನ್ನು ನೇರ ಬಿಸಿ ಕವಚದಲ್ಲಿ ಕೂರಿಸಿದರೂ ಅದೇ ಗತಿ.

ಬಟನ್ ಒತ್ತುವ, ಟೈಮರ್ ತೋರಿಸುವ ಕುಕ್ಕರ್‌ಗಳಲ್ಲಿ ಇನ್ನೊಂದು ತೊಂದರೆ ಇದೆ. ಕರೆಂಟ್ ಹೋಗಿ ಬಂದ ಮೇಲೆ ಎಷ್ಟೋ ಮಾದರಿಗಳು ತಾವಾಗಿ ಶುರುವಾಗುವುದಿಲ್ಲ, ಆಫ್ ಆಗಿಯೇ ಇರುತ್ತವೆ. ಕೈಯಿಂದ ತಿರುಗಿಸುವ ಗುಂಡಿ ಇರುವ ಕುಕ್ಕರ್ ತಾನೇ ಮತ್ತೆ ಬಿಸಿಯಾಗುತ್ತದೆ. ಹೊಸದಾಗಿ ಕೊಳ್ಳುವವರಿಗೆ, ವಿಶೇಷವಾಗಿ ಮಲೆನಾಡು ಕಡೆಯವರಿಗೆ, ತಿರುಗಿಸುವ ಗುಂಡಿಯದ್ದನ್ನೇ ತಗೊಳ್ಳಿ ಅಂತ ಹೇಳುತ್ತೇನೆ. 200 ವ್ಯಾಟ್ ಆದ್ದರಿಂದ ಮನೆಯ ಇನ್ವರ್ಟರ್ ಮೇಲೂ ಒಂದೆರಡು ಗಂಟೆ ಓಡಿಸಬಹುದು. ಆಮೇಲೆ ದೀಪಕ್ಕೆ ಬ್ಯಾಟರಿ ಉಳಿಯುತ್ತದೋ ಇಲ್ಲವೋ ನೋಡಿಕೊಳ್ಳಿ.

ಬೆಂದಿದೆ ಅಂತ ತಿಳಿಯುವುದು ಹೀಗೆ: ಒಂದು ಹೋಳನ್ನು ಸೌಟಿನ ಹಿಂಬದಿಯಿಂದ ಪಾತ್ರೆಯ ಗೋಡೆಗೆ ಒತ್ತಿ. ಬಲ ಹಾಕದೆ ಹಿಟ್ಟಾದರೆ ಆಯಿತು. ಜಾರಿ ಹೋದರೆ ಇನ್ನೂ ಅರ್ಧ ಗಂಟೆ ಬಿಡಿ.

5. ಮಸೆಯಿರಿ

ಕುಕ್ಕರ್ ಆಫ್ ಮಾಡಿ, ಚಕ್ಕೆ ಮತ್ತು ಸಿಪ್ಪೆಯ ಗಂಟು ತೆಗೆಯಿರಿ. ಈಗ ಮೇಲೆ ರಸ ನಿಂತಿದ್ದು ಕಂಡರೆ ತಕ್ಷಣ ಕಲಸಬೇಡಿ. ಮೊದಲು ಆ ರಸವನ್ನು ಸೌಟಿನಿಂದ ಒಂದು ಲೋಟಕ್ಕೆ ತೆಗೆದಿಟ್ಟುಕೊಳ್ಳಿ. ಹೋಳುಗಳನ್ನು ಮಸೆದ ಮೇಲೆ ಎಷ್ಟು ತೆಳು ಬೇಕೋ ಅಷ್ಟೇ ರಸ ವಾಪಸ್ ಸೇರಿಸಿ. ಮಿಕ್ಕಿದ್ದು ಕುಡಿಯಲು ಬಲು ರುಚಿ. ಸಾಸ್ ನೀರಾಗದಂತೆ ತಡೆಯಲು ಇಷ್ಟು ಸುಲಭದ ದಾರಿ ಬೇರೆ ಇಲ್ಲ.

ಮಸೆಯಲು ಬೇಳೆ ಕಡೆಯುವ ಮರದ ಕಡಗೋಲೇ ಸಾಕು. ಅಲ್ಲಲ್ಲಿ ಸಣ್ಣ ತುಣುಕು ಉಳಿಯುತ್ತದೆ, ದೋಸೆ ಜೊತೆ ತಿನ್ನಲು ನನಗೆ ಅದೇ ಇಷ್ಟ. ನುಣ್ಣಗೆ ಬೇಕಿದ್ದರೆ ಹ್ಯಾಂಡ್ ಬ್ಲೆಂಡರ್, ಅಂದರೆ ಪಾತ್ರೆಯೊಳಗೇ ಇಳಿಸಿ ತಿರುಗಿಸುವ ಕೈ ಮಿಕ್ಸಿ. ಅದರ ತಲೆ ಪೂರ್ತಿ ಮುಳುಗಿರಲಿ, ಇಲ್ಲದಿದ್ದರೆ ಬಿಸಿ ಸಾಸ್ ಕೈಗೆ ಸಿಡಿಯುತ್ತದೆ. ದಪ್ಪ ಸಾಸ್ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ, ಮಕ್ಕಳನ್ನು ದೂರ ಇಡಿ.

ಮಾಮೂಲಿ ಮಿಕ್ಸಿ ಜಾರ್‌ಗೆ ಹಾಕುವುದಾದರೆ ಪೂರ್ತಿ ಆರಬೇಕು. ಬಿಸಿ ಇರುವಾಗ ಮುಚ್ಚಿ ತಿರುಗಿಸಿದರೆ ಆವಿ ಒತ್ತಿ ಮುಚ್ಚಳ ಹಾರುತ್ತದೆ. ಆರಿದ ಮೇಲೂ ಜಾರ್ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಗಾಳಿ ಸೇರಿ ನೊರೆ ನೊರೆಯಾಗುತ್ತದೆ.

ಇಷ್ಟಾದ ಮೇಲೂ ತೆಳುವಾಗಿದ್ದರೆ ಪಾತ್ರೆ ಮತ್ತೆ ಕುಕ್ಕರ್‌ನಲ್ಲಿಟ್ಟು, ಹೈಗೆ ತಿರುಗಿಸಿ, ಮುಚ್ಚಳವನ್ನು ಓರೆಯಾಗಿಟ್ಟು ಮುಕ್ಕಾಲು ಗಂಟೆ ಬಿಡಿ. ನಡುವೆ ಎರಡು ಮೂರು ಸಲ ತಿರುವಿ. ಕಾರ್ನ್‌ಫ್ಲೋರ್ ಹಾಕಿ ಗಟ್ಟಿ ಮಾಡುವ ಉಪಾಯ ಬೇಡ, ರುಚಿ ಹಾಳಾಗುತ್ತದೆ, ಫ್ರೀಜರ್‌ನಲ್ಲಿಟ್ಟರೆ ನೀರು ಒಡೆಯುತ್ತದೆ.

6. ಸಿಹಿ ನೋಡಿ

ರುಚಿ ನೋಡುವುದು ಬಿಸಿ ಇರುವಾಗ ಅಲ್ಲ. ಒಂದು ಚಮಚ ತಟ್ಟೆಗೆ ಹಾಕಿ, ಆರಿದ ಮೇಲೆ ನೋಡಿ. ಸಿಹಿ ಸಾಲದು ಅನ್ನಿಸಿದರೆ ಒಂದೊಂದೇ ಚಮಚ ಸಕ್ಕರೆ. ಬೆಲ್ಲ ಹಾಕಿದರೆ ಬಣ್ಣ ಕಪ್ಪಾಗುತ್ತದೆ, ಬೆಲ್ಲದ ರುಚಿ ಮುಂದೆ ನಿಲ್ಲುತ್ತದೆ, ಹೋಳಿಗೆಗೋ ರೊಟ್ಟಿಗೋ ಹಚ್ಚಿಕೊಳ್ಳಲು ಅದೂ ಚೆನ್ನ. ಕೇಕ್‌ಗೆ ಇಡುವುದಾದರೆ ಸಿಹಿ ಹಾಕಲೇಬೇಡಿ. ಎಷ್ಟೋ ಸಲ ಸಪ್ಪೆ ಅನ್ನಿಸುವುದಕ್ಕೆ ಕಾರಣ ಸಿಹಿ ಕಡಿಮೆಯಾಗಿರುವುದಲ್ಲ, ಹುಳಿ ಕಡಿಮೆಯಾಗಿರುವುದು. ಸಕ್ಕರೆ ಡಬ್ಬಿಗೆ ಕೈ ಹಾಕುವ ಮೊದಲು ನಾಲ್ಕು ಹನಿ ನಿಂಬೆರಸ ಹಿಂಡಿ ನೋಡಿ.

ಪುಟ್ಟ ಮಗುವಿಗಾಗಿ ಮಾಡುವವರು ಬಹಳ ಜನ ಇದ್ದೀರಿ. ಆರು ತಿಂಗಳು ತುಂಬಿ ಮೇಲಿನ ಆಹಾರ ಶುರು ಮಾಡಿದ ಮಗುವಿಗೆ ಇದನ್ನು ಕೊಡಬಹುದು, ಆದರೆ ಸಕ್ಕರೆ, ಬೆಲ್ಲ, ಉಪ್ಪು ಯಾವುದೂ ಇಲ್ಲದೆ, ಪೂರ್ತಿ ನುಣ್ಣಗೆ ಮಾಡಿ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ಸೇರಿಸಲೇಬಾರದು, ಎಳೆ ಮಕ್ಕಳಿಗೆ ಅದರಿಂದ ಬಾಟುಲಿಸಂ ಅನ್ನುವ ಗಂಭೀರ ಕಾಯಿಲೆ ಬರಬಹುದು. ಮನೆಯವರಿಗೂ ಮಗುವಿಗೂ ಒಟ್ಟಿಗೆ ಮಾಡುವುದಾದರೆ ಉಪ್ಪನ್ನು ಮೊದಲು ಹಾಕದೆ, ಮಗುವಿನ ಪಾಲು ತೆಗೆದಿಟ್ಟು ಮಿಕ್ಕಿದ್ದಕ್ಕೆ ಹಾಕಿ.

7. ತುಂಬಿಡಿ

ಸಾಸ್ ಆರಿದ ಮೇಲೆ, ಆದರೆ ಎರಡು ಗಂಟೆಯೊಳಗೆ, ಡಬ್ಬಕ್ಕೆ ಹಾಕಿ ಫ್ರಿಜ್‌ಗೆ ಸೇರಿಸಿ. ಇಡೀ ಪಾತ್ರೆ ಹಾಗೇ ಇಟ್ಟರೆ ನಡುವಿನ ಬಿಸಿ ಇಳಿಯಲು ಬಹಳ ಹೊತ್ತು ಬೇಕು, ಚಿಕ್ಕ ಚಿಕ್ಕ ಡಬ್ಬಗಳಿಗೆ ಹಂಚಿ. ಫ್ರಿಜ್‌ನಲ್ಲಿ ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಒದ್ದೆ ಚಮಚ, ಎಂಜಲು ಚಮಚ ಹಾಕಬೇಡಿ. ಮಳೆಗಾಲದಲ್ಲಿ ಬೂಷ್ಟು ಬರಲು ಅದೊಂದೇ ಸಾಕು. ಬೂಷ್ಟು ಕಂಡರೆ ಮೇಲಿನದು ತೆಗೆದು ಮಿಕ್ಕಿದ್ದು ತಿನ್ನುವುದು ಬೇಡ, ಪೂರ್ತಿ ಚೆಲ್ಲಿ.

ಜಾಸ್ತಿ ದಿನ ಬೇಕೆಂದರೆ ಫ್ರೀಜರ್. ಆರು ತಿಂಗಳು ಚೆನ್ನಾಗಿರುತ್ತದೆ. ಹೆಪ್ಪುಗಟ್ಟುವಾಗ ಹಿಗ್ಗುವುದರಿಂದ ಡಬ್ಬದ ಮೇಲೆ ಒಂದು ಇಂಚು ಜಾಗ ಬಿಡಿ, ಗಾಜಿನ ಬಾಟಲಿಯಾದರೆ ಒಡೆಯುತ್ತದೆ. ಐಸ್ ಟ್ರೇನಲ್ಲಿ ಹಾಕಿ ಗಟ್ಟಿಯಾದ ಮೇಲೆ ತುಂಡುಗಳನ್ನು ಒಂದು ಕವರ್‌ಗೆ ತುಂಬಿಟ್ಟರೆ ಬೇಕಾದಷ್ಟೇ ತೆಗೆಯಬಹುದು. ಕರೆಂಟ್ ಹೋದಾಗ ಫ್ರಿಜ್ ಬಾಗಿಲು ತೆಗೆಯದಿದ್ದರೆ ಕೆಳಗಿನ ಭಾಗ ಸುಮಾರು ನಾಲ್ಕು ಗಂಟೆ ತಂಪಾಗಿರುತ್ತದೆ.

ಬಾಟಲಿಗೆ ತುಂಬಿ ಹೊರಗೆ, ಅಲಮಾರಿಯಲ್ಲಿ ಇಡಬಹುದಾ? ಬಿಸಿ ಸಾಸ್ ಬಾಟಲಿಗೆ ತುಂಬಿ ಮುಚ್ಚಿ, ತಲೆಕೆಳಗೆ ಮಾಡಿಟ್ಟರೆ ಸಾಕು ಅನ್ನುವ ಮಾತು ಕೇಳಿರುತ್ತೀರಿ. ಅದನ್ನು ನಂಬಬೇಡಿ. ಸರಿಯಾದ ವಿಧಾನ ಅಂದರೆ ತುಂಬಿದ ಬಾಟಲಿಗಳನ್ನು ಕುದಿಯುವ ನೀರಲ್ಲಿ ಮುಳುಗಿಸಿ ಕುದಿಸುವುದು. ಅದಕ್ಕೆ ಗಾಳಿಯಾಡದಂತೆ ಕೂರುವ ಹೊಸ ಮುಚ್ಚಳವಿರುವ, ಈ ಕೆಲಸಕ್ಕೆಂದೇ ಮಾಡಿದ ಬಾಟಲಿ ಬೇಕು, ಜಾಮ್ ಖಾಲಿಯಾದ ಹಳೇ ಬಾಟಲಿ ಆಗುವುದಿಲ್ಲ. ಬಿಸಿ ಸಾಸ್ ತುಂಬಿ ಮೇಲೆ ಅರ್ಧ ಇಂಚು ಜಾಗ ಬಿಟ್ಟು, ಸೌಟಿನ ಹಿಡಿಯಿಂದ ಆಡಿಸಿ ಗಾಳಿ ಗುಳ್ಳೆ ಹೊರಡಿಸಿ, ಬಾಯಿ ಒರೆಸಿ ಮುಚ್ಚಿ. ನೀರು ಮುಚ್ಚಳಕ್ಕಿಂತ ಒಂದೆರಡು ಇಂಚು ಮೇಲೆ ಇರಬೇಕು, ತಳಕ್ಕೆ ಒಂದು ಬಟ್ಟೆಯೋ ಜಾಲರಿಯೋ ಇರಲಿ.

ಎಷ್ಟು ಹೊತ್ತು ಕುದಿಸಬೇಕು ಅನ್ನುವುದರಲ್ಲಿ ನಮ್ಮ ಊರಿನ ಎತ್ತರ ಲೆಕ್ಕಕ್ಕೆ ಬರುತ್ತದೆ. ಹಾಸನ ಸಮುದ್ರಮಟ್ಟದಿಂದ ಸುಮಾರು 970 ಮೀಟರ್, ಚಿಕ್ಕಮಗಳೂರು ಸುಮಾರು 1,090 ಮೀಟರ್ ಎತ್ತರದಲ್ಲಿವೆ. ಇಲ್ಲಿ ನೀರು ಕುದಿಯುವುದು 100 ಡಿಗ್ರಿಗಲ್ಲ, 97ರ ಆಸುಪಾಸಿಗೆ. ಮಂಗಳೂರಿನಂಥ ಸಮುದ್ರಮಟ್ಟದ ಊರಿನಲ್ಲಿ ಅರ್ಧ ಲೀಟರ್ ಬಾಟಲಿಗೆ 15 ನಿಮಿಷ ಸಾಕಾದರೆ ನಮಗೆ 20 ನಿಮಿಷ ಬೇಕು. ನೀರು ಜೋರಾಗಿ ಕುದಿಯಲು ಶುರುವಾದ ಮೇಲೆ ಗಡಿಯಾರ ನೋಡಿ. ತೆಗೆದು ಒಂದು ದಿನ ಅಲ್ಲಾಡಿಸದೆ ಬಿಟ್ಟು, ಆಮೇಲೆ ಮುಚ್ಚಳದ ನಡುವೆ ಬೆರಳಿಂದ ಒತ್ತಿ ನೋಡಿ. ಕೆಳಗೆ ಮೇಲೆ ಆಡಿದರೆ ಮುಚ್ಚಳ ಸರಿಯಾಗಿ ಕೂತಿಲ್ಲ, ಒಳಗೆ ಗಾಳಿ ಹೋಗಿದೆ ಅಂತ ಅರ್ಥ, ಆ ಬಾಟಲಿಯನ್ನು ಫ್ರಿಜ್‌ಗೆ ಸೇರಿಸಿ ಮೊದಲು ಮುಗಿಸಿ. ಇಷ್ಟೆಲ್ಲ ಮಾಡಲು ಪುರುಸೊತ್ತಿಲ್ಲದವರಿಗೆ ಫ್ರೀಜರೇ ಸರಿ.

ಕೇಕ್‌ಗೆ ಬಳಸುವಾಗ

ಮೊಟ್ಟೆ ಹಾಕದ ಮನೆಗಳಿಂದ ಬರುವ ಪ್ರಶ್ನೆ ಇದು. ಒಂದು ಮೊಟ್ಟೆಯ ಬದಲು ಕಾಲು ಕಪ್ ಸಾಸ್, ಅಂದರೆ ಸುಮಾರು 60 ಎಂಎಲ್. ಸಾಮಾನ್ಯ ಐಸ್ ಟ್ರೇನ ಒಂದು ಗೂಡು ಎರಡು ದೊಡ್ಡ ಚಮಚ ಹಿಡಿಯುತ್ತದೆ, ಹಾಗಾಗಿ ಎರಡು ತುಂಡಿಗೆ ಒಂದು ಮೊಟ್ಟೆಯ ಲೆಕ್ಕ. ನಿಮ್ಮ ಟ್ರೇ ಗೂಡನ್ನು ನೀರು ಹಾಕಿ ಒಮ್ಮೆ ಅಳೆದುಕೊಳ್ಳಿ. ಬಾಳೆಹಣ್ಣಿನ ಕೇಕ್, ರಾಗಿ ಕೇಕ್, ಮಫಿನ್‌ನಂಥ ಒತ್ತಾದ ಕೇಕ್‌ಗಳಿಗೆ ಚೆನ್ನಾಗಿ ಹೊಂದುತ್ತದೆ. ಮೂರು ನಾಲ್ಕು ಮೊಟ್ಟೆ ಬೇಡುವ ಹಗುರವಾದ ಸ್ಪಂಜ್ ಕೇಕ್‌ಗೆ ಆಗುವುದಿಲ್ಲ, ಆಪಲ್ ಸಾಸ್ ತೇವ ಕೊಡುತ್ತದೆ, ಮೊಟ್ಟೆಯ ಹಾಗೆ ಉಬ್ಬಿಸುವುದಿಲ್ಲ. ಹಾಗಾಗಿ ಒತ್ತಾದ ಕೇಕ್‌ಗೂ ಬೇಕಿಂಗ್ ಪೌಡರ್ ಕಾಲು ಚಮಚ ಜಾಸ್ತಿ ಹಾಕಿ. ಫ್ರೀಜರ್‌ನಿಂದ ತೆಗೆದ ಸಾಸ್ ಕರಗಿದಾಗ ಸುತ್ತ ನೀರು ಬಿಟ್ಟಿರುತ್ತದೆ. ಆ ನೀರನ್ನು ಚೆಲ್ಲದೆ ಚಮಚದಿಂದ ಚೆನ್ನಾಗಿ ಕಲಸಿ, ಆಮೇಲೆ ಅಳೆದು ಹಿಟ್ಟಿಗೆ ಸೇರಿಸಿ.